ಎರಡಡಿ ಹಳಿಯ ಎಂಜಿನ್‌ಗೆ ಎರಡು ದೀಪ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರು ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಬೇಕು. ಜಿಲ್ಲಾಕೇಂದ್ರ ಚಿಕ್ಕಮಗಳೂರಿಗೇ ರೈಲು ಬಂದದ್ದು 2013ರಲ್ಲಿ. ಆದರೆ ಮೈಸೂರು ಅರಸರ ಕಾಲದಲ್ಲಿ ತರೀಕೆರೆಯಿಂದ ಎನ್.ಆರ್. ಪುರದವರೆಗೆ ಎರಡಡಿ ಅಗಲದ ಪುಟ್ಟ ಹಳಿ ಇತ್ತು. ಯಡೇಹಳ್ಳಿಯೆಂಬ ಹಳೆಯ ಹೆಸರು ಬಿಟ್ಟು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಹೊತ್ತ ಊರದು. ಹಳಿ ಹೋಯಿತು; ಮುಂದೆ ಭದ್ರಾ ಅಣೆಕಟ್ಟಿನ ಹಿನ್ನೀರು ಬಂದು ಆ ಸೀಮೆಯ ಚಹರೆಯೇ ಬದಲಾಯಿತು.

ಮಾದರಿ ರೈಲು ಕಟ್ಟುವ ಹುಚ್ಚಿರುವವರಿಗೆ ಇಂಥ ಮಾಯವಾದ ಮಾರ್ಗಕ್ಕಿಂತ ರುಚಿಯಾದ ವಸ್ತು ಇನ್ನೊಂದಿಲ್ಲ. 1:87 ಅಳತೆಯಲ್ಲಿ ಆ 610 ಮಿಲಿಮೀಟರ್ ಹಳಿ ಬರೀ 7 ಮಿಲಿಮೀಟರ್ ಆಗುತ್ತದೆ. ಅಷ್ಟು ಸಣ್ಣ ಎಂಜಿನ್ನಿನೊಳಗೆ ಡಿಕೋಡರ್, ಅಂದರೆ ಹಳಿಯಿಂದ ಬರುವ ಡಿಜಿಟಲ್ ಆಜ್ಞೆ ಓದಿ ಮೋಟಾರು, ದೀಪ ನಡೆಸುವ ಪುಟ್ಟ ಸರ್ಕ್ಯೂಟು, ತೂರಿಸುವುದು ಹರಸಾಹಸ. 1:19ರಲ್ಲಾದರೆ ಹಳಿ 32 ಮಿಲಿಮೀಟರ್. ಕೈ ಆಡಿಸಲು ಜಾಗವೂ ಇರುತ್ತದೆ. ಕವಲು ಮಾರ್ಗದ ಎಂಜಿನ್ ಹೋಗುವಾಗ ಮುಮ್ಮುಖ, ಬರುವಾಗ ಹಿಮ್ಮುಖವಾಗಿ ಓಡಬೇಕಾದಾಗ ಎರಡೂ ಕಡೆ ದೀಪ ಬೇಕು. ಹೋಗುವ ದಿಕ್ಕಿನದು ಮಾತ್ರ ಉರಿಯಬೇಕು.

ಹಳೆಯ ಡಿಸಿ ಪದ್ಧತಿಯಲ್ಲಿ ಇದು ಸಲೀಸು. ಹಳಿಗಳ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಎಂಜಿನ್ ಹಿಂದೆ ಸರಿಯುತ್ತದೆ. ಎಲ್‌ಇಡಿ ಒಂದೇ ದಿಕ್ಕಿಗೆ ಕರೆಂಟು ಬಿಡುವುದರಿಂದ ದೀಪವೂ ತಾನಾಗಿಯೇ ಬದಲಾಗುತ್ತದೆ. ಎಂಜಿನ್ ನಿಂತರೆ ಮಾತ್ರ ದೀಪವೂ ಆರುತ್ತದೆ. ಜರ್ಮನಿಯ ಲೆಂಝ್ ಸಂಸ್ಥೆಯ ಕೆಲಸದ ಮೇಲೆ ನಿಂತು 1990ರ ದಶಕದಲ್ಲಿ ಮಾನಕವಾದ ಡಿಸಿಸಿ ಎಂಬ ಡಿಜಿಟಲ್ ಪದ್ಧತಿ ಈ ಲೆಕ್ಕವನ್ನೇ ಬುಡಮೇಲು ಮಾಡಿತು. ಹಳಿಯಲ್ಲಿ ಸದಾ ಪೂರ್ಣ ವೋಲ್ಟೇಜು. ಪ್ಲಸ್ಸು ಮೈನಸ್ಸು ಸೆಕೆಂಡಿಗೆ ಸಾವಿರಾರು ಸಲ ತಿರುವುಮುರುವು. ಆ ತಿರುವುಗಳ ಉದ್ದಗಿಡ್ಡದಲ್ಲೇ ಆಜ್ಞೆ ಅಡಗಿರುತ್ತದೆ: 58 ಮೈಕ್ರೊಸೆಕೆಂಡಿನ ಜೋಡಿ ಬಂದರೆ ಒಂದು, ಅದಕ್ಕಿಂತ ಉದ್ದದ್ದು ಬಂದರೆ ಸೊನ್ನೆ. ಹಾಗಾಗಿ ಎಲ್‌ಇಡಿಯನ್ನು ಹಳಿಗೇ ಜೋಡಿಸಿದರೆ ಅದಕ್ಕೆ ದಿಕ್ಕಿನ ಗೊಡವೆಯೇ ಇರುವುದಿಲ್ಲ. ದಿಕ್ಕು ಗೊತ್ತಿರುವುದು ಡಿಕೋಡರಿಗೆ ಮಾತ್ರ.

ಡಿಕೋಡರಿನ ತಂತಿಗಳ ಬಣ್ಣ ಬಾಯಿಪಾಠವಾಗಿರಲಿ. ಕೆಂಪು, ಕಪ್ಪು ಹಳಿಯಿಂದ. ಕಿತ್ತಳೆ, ಬೂದು ಮೋಟಾರಿಗೆ. ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ. ನೀಲಿ ಎರಡಕ್ಕೂ ಸೇರಿದ ಪ್ಲಸ್ಸು. ಎಲ್‌ಇಡಿಯ ಉದ್ದ ಕಾಲು ನೀಲಿಗೆ, ಗಿಡ್ಡ ಕಾಲು ರೆಸಿಸ್ಟರಿನ ಮೂಲಕ ಬಿಳಿಗೋ ಹಳದಿಗೋ. ಈ ನೀಲಿ ತಂತಿ ಎಂಜಿನ್ನಿನ ಲೋಹದ ಚೌಕಟ್ಟಿಗೆ ತಾಗಿದರೆ ಡಿಕೋಡರ್ ಸುಟ್ಟೀತು. ಬೆಸುಗೆ ಹಾಕುವ ಮುನ್ನವೇ ತಂತಿಗೆ ಸ್ಲೀವ್ ಏರಿಸಿಕೊಳ್ಳಿ.

ರೆಸಿಸ್ಟರ್ ವಿಷಯದಲ್ಲಿ ನನ್ನದೊಂದು ತಕರಾರಿದೆ. ಸುಮಾರು 14 ವೋಲ್ಟಿನಲ್ಲಿ ಬಿಳಿ ಎಲ್‌ಇಡಿ 3 ವೋಲ್ಟು ನುಂಗಿದರೆ 11 ಉಳಿಯಿತು. ಒಂದು ಕಿಲೋ ಓಮ್ ಹಾಕಿದರೆ 11 ಮಿಲಿಆಂಪಿಯರ್. ಎಲ್ಲರೂ ಹಾಕುವುದು ಇದನ್ನೇ. ಆದರೆ ಇಂದಿನ ಎಲ್‌ಇಡಿಗೆ ಅಷ್ಟು ಕೊಟ್ಟರೆ ನೂರು ವರ್ಷ ಹಿಂದಿನ ಎಂಜಿನ್ ಹೊಸ ಬೈಕಿನ ಹಾಗೆ ಕಣ್ಣು ಕುಕ್ಕುತ್ತದೆ. ಹಳದಿ ಛಾಯೆಯ ಎಲ್‌ಇಡಿ ತಗೊಂಡು 4.7 ಕಿಲೋ ಓಮ್ ಹಾಕಿ. ಎರಡು ಮಿಲಿಆಂಪಿಯರಿಗೆ ಸ್ವಲ್ಪ ಮೇಲೆ ಕರೆಂಟು ಹರಿಯುತ್ತದೆ, ಲಾಟೀನಿನ ಕಳೆ ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದವರು ಎರಡೂ ಬಗೆಯ ರೆಸಿಸ್ಟರು ತಂದಿಟ್ಟುಕೊಳ್ಳಬಹುದು, ಚಿಲ್ಲರೆ ಖರ್ಚು.

ಎಲ್ಲ ಜೋಡಿಸಿ ಓಡಿಸಿ ನೋಡಿದರೆ ಎಂಜಿನ್ ಮುಂದೆ ಓಡುತ್ತಿದೆ, ಉರಿಯುತ್ತಿರುವುದು ಹಿಂದಿನ ದೀಪ. ಇಲ್ಲಿ ಹಲವರು ಡಿಕೋಡರಿನ ಸಿವಿ 29 ಎಂಬ ಸೆಟ್ಟಿಂಗ್ ಬದಲಿಸಲು ಹೊರಡುತ್ತಾರೆ. ಅದರಿಂದ ಮೋಟಾರು, ದೀಪ ಎರಡೂ ಒಟ್ಟಿಗೇ ತಿರುಗುತ್ತವೆ, ಎಡವಟ್ಟು ಇದ್ದಲ್ಲೇ ಇರುತ್ತದೆ. ಕಿತ್ತಳೆ, ಬೂದು ತಂತಿಗಳನ್ನು ಅದಲುಬದಲು ಮಾಡಬೇಕು, ಇಲ್ಲವೇ ಬಿಳಿ, ಹಳದಿಯನ್ನು.

ಮಲೆನಾಡಿನವರಿಗೆ ಇನ್ನೊಂದು ಕಾಟ ಮಳೆಗಾಲ. ಬಟ್ಟೆಗೆ ಬೂಷ್ಟು ಹಿಡಿಯುವ ಆ ತೇವದಲ್ಲಿ ಹಳಿ, ಗಾಲಿಯೂ ಮಂಕಾಗಿ ದೀಪ ಮಿಣುಕುತ್ತದೆ. ಬೆಸುಗೆ ಕೆಟ್ಟಿತೆಂದು ಎಂಜಿನ್ ಬಿಚ್ಚಬೇಡಿ. ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಹಳಿ, ಗಾಲಿ ಒರೆಸಿ. ಆಮೇಲೂ ಮಿಣುಕಿದರೆ ಡಿಕೋಡರಿಗೆ ಅದರ ತಯಾರಕರು ಸೂಚಿಸಿದ, ಹಳಿಯ ಕರೆಂಟು ಕ್ಷಣ ತಪ್ಪಿದಾಗ ಕೈಹಿಡಿಯುವ ಕೀಪ್ ಅಲೈವ್ ಕೆಪಾಸಿಟರ್ ಜೋಡಿಸಿ.