ಗುಟ್ಟು ಬಿಟ್ಟುಕೊಡುವ ಸಂಗೀತ

ಸೆಕೆಂಡಿಗೆ 8,000 ಸಲ ಒಂದೊಂದಾಗಿ ಏರುವ ಎಣಿಕೆಯೊಂದಿದೆ ಎನ್ನೋಣ. 255 ಮುಟ್ಟಿದ ಕೂಡಲೇ ಅದು ಸೊನ್ನೆಗೆ ಇಳಿದು ಮತ್ತೆ ಏರತೊಡಗುತ್ತದೆ. ಈ ಅಂಕಿಗಳನ್ನು ಹಾಗೆಯೇ ಸ್ಪೀಕರಿಗೆ ಕಳಿಸಿದರೆ, ಸೆಕೆಂಡಿಗೆ ಸುಮಾರು 31 ಬಾರಿ ಕಂಪಿಸುವ ಒರಟಾದ ಮಂದ್ರ ದನಿ ಹೊರಡುತ್ತದೆ. ಅದನ್ನೇ ಷಡ್ಜವೆಂದು ಹಿಡಿದುಕೊಂಡು ಎಣಿಕೆಯನ್ನು 2ರಿಂದ ಗುಣಿಸಿದರೆ ಮೇಲಿನ ಸ್ಥಾಯಿಯ ಷಡ್ಜ ಕೇಳುತ್ತದೆ, 3ರಿಂದ ಗುಣಿಸಿದರೆ ಆ ಸ್ಥಾಯಿಯ ಪಂಚಮ. ಗುಣಿಸುವ ಅಂಕಿಯೇ ಕ್ಷಣಕ್ಷಣಕ್ಕೆ ಬದಲಾಗುವಂತೆ ಬರೆದರೆ ಅಲ್ಲಿಗೆ ಧಾಟಿಯೂ ಲಯವೂ ಬಂದಂತೆ. ವಾದ್ಯ ಬೇಡ, ರೆಕಾರ್ಡಿಂಗ್ ಬೇಡ, ಒಂದು ಸಾಲಿನ ಲೆಕ್ಕ ಸಾಕು.

ಇದಕ್ಕೆ ಬೈಟ್‌ಬೀಟ್ ಎಂದು ಹೆಸರು. 2011ರಲ್ಲಿ ಫಿನ್‌ಲೆಂಡಿನ ವಿಲ್ಲೆ-ಮಟಿಯಾಸ್ ಹೈಕ್ಕಿಲಾ, 'ವಿಜ್ನಟ್' ಎಂಬ ಹೆಸರಿನಲ್ಲಿ, ಇಂಥ ಪುಟ್ಟ ಸೂತ್ರಗಳ ದನಿಯನ್ನು ಯೂಟ್ಯೂಬಿಗೆ ಹಾಕಿದರು. ದನಿಯ ಜೊತೆಗೆ ಸೂತ್ರವೂ ಪರದೆಯ ಮೇಲೆ ಕಾಣುತ್ತಿತ್ತು. ನೋಡಿದವರು ಅದನ್ನು ತಮ್ಮ ಕಂಪ್ಯೂಟರಿನಲ್ಲಿ ಬರೆದು, ಒಂದೆರಡು ಅಂಕಿ ಬದಲಿಸಿ, ಹೊಸ ಸೂತ್ರಗಳನ್ನು ಕಳಿಸಿದರು. ಮುಂದಿನ ವಿಡಿಯೋಗಳಲ್ಲಿ ಅವೂ ಸೇರಿಕೊಂಡವು. ಕೇಳಿದವರೆಲ್ಲರಿಗೂ ಈ ದನಿ ಹಿಡಿಸುತ್ತದೆ ಎನ್ನಲಾಗದು. ಕೆಲವಂತೂ ಕಿವಿಗೆ ಕಠೋರ. ಆದರೆ ಕೇಳಿದವರು ಆ ಗಳಿಗೆಯಿಂದಲೇ ಮಾಡುವವರೂ ಆಗಬಹುದು ಎಂಬುದು ಸಣ್ಣ ಸಂಗತಿಯಲ್ಲ. ಕಂಪನಿಗಳ ಹಂಗಿಲ್ಲದೆ ಅಂತರ್ಜಾಲದಲ್ಲಿ ಬೆಳೆದ ಪ್ರಾಯೋಗಿಕ ಎಲೆಕ್ಟ್ರಾನಿಕ್ ಸಂಗೀತಕ್ಕೆ ಜೀವ ಇರುವುದೇ ಅಲ್ಲಿ.

ಹೀಗೆ ಗುಟ್ಟು ಬಿಚ್ಚಿಟ್ಟು ಹಂಚಿಕೊಳ್ಳುವ ಪದ್ಧತಿ ಅಂತರ್ಜಾಲ ಮನೆಮನೆಗೆ ಬರುವ ಮೊದಲೇ ಶುರುವಾಗಿತ್ತು. 1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ಅಮಿಗಾ ಕಂಪ್ಯೂಟರಿಗಾಗಿ 'ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್' ಎಂಬ ತಂತ್ರಾಂಶ ಬರೆದರು. ಅದರ ಪರದೆಯಲ್ಲಿ ನಾಲ್ಕು ಕಂಬಸಾಲುಗಳು. ಕಾಲ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಯಾವ ಸ್ವರ, ಎಷ್ಟನೆಯ ದನಿ, ಅದನ್ನು ಎಳೆಯಬೇಕೋ ಕಂಪಿಸಬೇಕೋ ಎಂಬುದು ಪ್ರತಿ ಸಾಲಿನಲ್ಲಿ ಅಕ್ಷರ-ಅಂಕಿಗಳಾಗಿ ಕೂತಿರುತ್ತದೆ. ಇದರಿಂದ ಬಂದ 'ಮಾಡ್' ಕಡತದಲ್ಲಿ ಬಳಸಿದ ದನಿಗಳೂ ಇರುತ್ತಿದ್ದವು, ಅವನ್ನು ನುಡಿಸುವ ಸೂಚನೆಗಳೂ ಇರುತ್ತಿದ್ದವು. ಕಡತ ತೆರೆದವರಿಗೆ ಹಾಡು ಕಟ್ಟಿದ ಬಗೆಯೆಲ್ಲ ಸಾಲುಸಾಲಾಗಿ ಕಾಣುತ್ತಿತ್ತು. ಒಂದು ತಲೆಮಾರಿನ ಹುಡುಗರು ಸಂಗೀತ ಕಟ್ಟುವುದನ್ನು ಹೀಗೆ, ಬೇರೆಯವರ ಕಡತ ಬಿಚ್ಚಿ ನೋಡಿಯೇ ಕಲಿತರು.

ಆ ಕಡತದಲ್ಲಿ ಒಂದೊಂದು ದನಿಯ ಹೆಸರಿಗೂ 22 ಅಕ್ಷರಗಳ ಜಾಗವಿತ್ತು. 'ಡ್ರಮ್', 'ಬಾಸ್' ಎಂದು ಬರೆಯಬೇಕಾದ ಆ ಜಾಗದಲ್ಲಿ ಸಂಗೀತಗಾರರು ತಮ್ಮ ಹೆಸರು, ಗೆಳೆಯರಿಗೆ ನಮಸ್ಕಾರ, ಅಂಚೆ ವಿಳಾಸ ಎಲ್ಲವನ್ನೂ ತುಂಬುತ್ತಿದ್ದರು. ಫ್ಲಾಪಿಗಳು ಅಂಚೆಯಲ್ಲಿ ದೇಶ ದಾಟಿದವು, ಆಮೇಲೆ ಟೆಲಿಫೋನ್ ಮೋಡೆಮ್ ಬಂತು. ಈ ಹಾಡುಗಳನ್ನು ಪೋಷಿಸಿದ, ಕಂಪ್ಯೂಟರ್ ಕಲಾವಿದರ 'ಡೆಮೊಸೀನ್' ಬಳಗದ ಕಲೆಯನ್ನು 2020ರಲ್ಲಿ ಫಿನ್‌ಲೆಂಡ್ ತನ್ನ ರಾಷ್ಟ್ರೀಯ ಜೀವಂತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಡತದಲ್ಲಿ ಬಿಚ್ಚಿಡುತ್ತಿದ್ದುದನ್ನು ವೇದಿಕೆಯ ಮೇಲೂ ಬಿಚ್ಚಿಟ್ಟವರು ಲೈವ್ ಕೋಡಿಂಗ್ ಮಾಡುವವರು, ಅಂದರೆ ಸಭೆಯೆದುರೇ ಕೋಡ್ ಬರೆದು ಸಂಗೀತ ನುಡಿಸುವವರು. ಲ್ಯಾಪ್‌ಟಾಪ್ ಹಿಂದೆ ಕೂತ ಸಂಗೀತಗಾರ ಏನು ಮಾಡುತ್ತಿದ್ದಾನೆಂದು ಎದುರಿಗಿದ್ದವರಿಗೆ ತಿಳಿಯುವುದಿಲ್ಲವಲ್ಲ. 2004ರಲ್ಲಿ ಹ್ಯಾಂಬರ್ಗಿನಲ್ಲಿ ಹುಟ್ಟಿದ 'ಟಾಪ್‌ಲ್ಯಾಪ್' ಬಳಗ, ಕೋಡ್ ಬರೆಯುವ ಪರದೆಯನ್ನೇ ಸಭಿಕರಿಗೆ ತೋರಿಸಬೇಕೆಂದು ಪಟ್ಟು ಹಿಡಿಯಿತು. ಬ್ರಿಟನ್ನಿನ ಅಲೆಕ್ಸ್ ಮೆಕ್ಲೀನ್ ರೂಪಿಸಿದ 'ಟೈಡಲ್ ಸೈಕಲ್ಸ್' ಈ ಬಳಗದವರ ಅಚ್ಚುಮೆಚ್ಚಿನ ಸಲಕರಣೆ.

ಟೈಡಲ್‌ನಲ್ಲಿ ಉದ್ಧರಣ ಚಿಹ್ನೆಯೊಳಗೆ ನಾಲ್ಕು ದನಿಗಳ ಹೆಸರು ಬರೆದರೆ ಒಂದು ಆವರ್ತನ ನಾಲ್ಕು ಸಮಭಾಗವಾಗುತ್ತದೆ. ಐದನೆಯ ಹೆಸರು ಸೇರಿಸಿದರೆ ಆವರ್ತನ ಉದ್ದವಾಗುವುದಿಲ್ಲ, ಅಷ್ಟೇ ಅವಧಿಯಲ್ಲಿ ಐದು ಪೆಟ್ಟು ಕೂರುತ್ತವೆ. ಚತುರಶ್ರ ನಡೆ ಖಂಡ ನಡೆಯಾಯಿತು. ಎರಡು ಹೆಸರನ್ನು ಚೌಕ ಕಂಸದೊಳಗೆ ಹಾಕಿದರೆ ಅವೆರಡೂ ಒಂದರ ಜಾಗದಲ್ಲಿ ಹೊಂದಿಕೊಳ್ಳುತ್ತವೆ. ಮೃದಂಗದ ಪಾಠ ಹೇಳಿಸಿಕೊಂಡವರಿಗೆ ಇದು ತೀರ ಪರಿಚಿತ.

ಪರಿಚಿತ ಅನ್ನಿಸುವುದಕ್ಕೆ ಕಾರಣವೂ ಇದೆ. ಟೈಡಲ್‌ನ ಬರವಣಿಗೆಗೆ ಸ್ಫೂರ್ತಿಯಾದವುಗಳಲ್ಲಿ 'ಬೋಲ್ ಪ್ರೊಸೆಸರ್' ಒಂದೆಂದು ಮೆಕ್ಲೀನ್ ಒಪ್ಪಿಕೊಂಡಿದ್ದಾರೆ. 1980ರ ದಶಕದಲ್ಲಿ ಬರ್ನಾರ್ಡ್ ಬೆಲ್ ಅದನ್ನು ರೂಪಿಸಿದ್ದು ತಬಲಾಕ್ಕಾಗಿ, ಜೇಮ್ಸ್ ಕಿಪ್ಪೆನ್ ಜೊತೆಗೂಡಿ. ಕಿಪ್ಪೆನ್ ಲಖನೌ ಘರಾನೆಯ ಉಸ್ತಾದ್ ಅಫಾಕ್ ಹುಸೇನ್ ಖಾನ್ ಅವರ ಶಿಷ್ಯರು. ಕಾಯ್ದಾ ಎಂಬ ತಬಲಾ ರಚನೆಗಳ ವ್ಯಾಕರಣವನ್ನು ಕಂಪ್ಯೂಟರಿಗೆ ಕಲಿಸಿ, ಅದು ಹೊಸದಾಗಿ ಹೊಸೆದ ಬೋಲ್‌ಗಳು, ಅಂದರೆ ತಬಲಾ ನುಡಿಗಳು, ಸರಿಯೇ ತಪ್ಪೇ ಎಂದು ತಬಲಾ ಬಲ್ಲವರಿಂದಲೇ ತೀರ್ಪು ಪಡೆಯುತ್ತಿದ್ದರು. ಯುರೋಪಿನ ಕ್ಲಬ್ಬುಗಳಲ್ಲಿ ಜನ ಕುಣಿಯುವ ಕೋಡ್‌ನ ಹಿಂದೆ ಲಖನೌದ ತಬಲಾ ಪಾಠದ ಋಣವೂ ಇದೆ ಎಂಬುದು ನಮ್ಮಲ್ಲಿ ಇನ್ನಷ್ಟು ಜನರಿಗೆ ಗೊತ್ತಾಗಬೇಕು.

2022ರಲ್ಲಿ ಫೆಲಿಕ್ಸ್ ರೂಸ್ ಮತ್ತು ಮೆಕ್ಲೀನ್ ಟೈಡಲ್‌ನ ಇದೇ ಪದ್ಧತಿಯನ್ನು 'ಸ್ಟ್ರುಡೆಲ್' ಹೆಸರಿನಲ್ಲಿ ಬ್ರೌಸರಿಗೆ ತಂದರು. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಕಾಸು ಕೊಡಬೇಕಿಲ್ಲ.

ಹಂಚಿಕೆ ಪುಕ್ಕಟೆಯಾದರೂ ಹೊಟ್ಟೆಪಾಡಿನ ಪ್ರಶ್ನೆ ಉಳಿಯುತ್ತದೆ. 2008ರಲ್ಲಿ ಶುರುವಾದ, ಸಂಗೀತ ಮಾರುವ ತಾಣ ಬ್ಯಾಂಡ್‌ಕ್ಯಾಂಪ್ ಇಲ್ಲಿ ದೊಡ್ಡ ಆಸರೆಯಾಯಿತು. ಬೆಲೆ ಕಟ್ಟುವವರು ಸಂಗೀತಗಾರರೇ, ಡಿಜಿಟಲ್ ಮಾರಾಟದಲ್ಲಿ ಕಂಪನಿಯ ಪಾಲು ಸಾಮಾನ್ಯವಾಗಿ ಶೇ. 15. ಕೋವಿಡ್‌ನಿಂದ ಸಂಗೀತ ಕಛೇರಿಗಳೆಲ್ಲ ನಿಂತಾಗ, 2020ರ ಮಾರ್ಚ್ 20ರಂದು ಅದು ತನ್ನ ಪಾಲನ್ನು ಬಿಟ್ಟುಕೊಟ್ಟಿತು. ಅದೊಂದೇ ದಿನ ಕೇಳುಗರು 43 ಲಕ್ಷ ಡಾಲರ್ ಖರ್ಚು ಮಾಡಿದರು. ಆದರೆ 2022ರಲ್ಲಿ ಆ ಕಂಪನಿಯನ್ನು ಎಪಿಕ್ ಗೇಮ್ಸ್ ಕೊಂಡಿತು, ಮರುವರ್ಷವೇ ಸಾಂಗ್‌ಟ್ರೇಡರ್ ಎಂಬ ಮತ್ತೊಂದು ಕಂಪನಿಗೆ ಮಾರಿತು, ಸುಮಾರು ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ಸಾವಿರಾರು ಜನರ ಸಂಗೀತ ಒಂದೇ ಕಂಪನಿಯ ಕೈಯಲ್ಲಿರುವುದು ಎಷ್ಟು ಅಪಾಯವೆಂದು ಆಗ ಹಲವರಿಗೆ ಮನವರಿಕೆಯಾಯಿತು.

ಹಳೆಯ ದಾರಿಯೂ ಮುಚ್ಚಿಲ್ಲ. 1996ರಲ್ಲಿ ಸೈಮನ್ ಕಾರ್ಲೆಸ್ ಆರಂಭಿಸಿದ 'ಮೊನೊಟೋನಿಕ್' ಎಂಬ ಅಂತರ್ಜಾಲ ಲೇಬಲ್, ಸಂಗೀತವನ್ನು ಉಚಿತವಾಗಿ ಹಂಚಿದ ಮೊದಲಿಗರ ಸಾಲಿನದು. ಅದು ಹೊರತಂದ ಹಾಡುಗಳನ್ನು ಇಂಟರ್ನೆಟ್ ಆರ್ಕೈವ್ ಕಾಪಿಟ್ಟಿದೆ. ಅದೇ ವರ್ಷ ಹುಟ್ಟಿದ ಮಾಡ್ ಆರ್ಕೈವ್ ಕೂಡ ನಡೆಯುತ್ತಿದೆ. ಅಲ್ಲಿಂದ ಕಡತವೊಂದನ್ನು ಇಳಿಸಿಕೊಂಡು, ಓಪನ್‌ಎಂಪಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ, ಮೂವತ್ತು ವರ್ಷ ಹಿಂದಿನ ಹಾಡಿನ ಯಾವ ಸ್ವರವನ್ನು ಬೇಕಾದರೂ ಬದಲಿಸಿ ಕೇಳಿ ನೋಡಬಹುದು.