ಒಂದೇ ಮನೆಯ ಜ್ವರ, ಒಂದೇ ಮಗುವಿಗೇಕೆ ವಿಪರೀತ?

ಕೂಡು ಕುಟುಂಬಕ್ಕೆ ಫ್ಲೂ ಜ್ವರ ಹೊಕ್ಕರೆ ಯಾರನ್ನೂ ಬಿಡುವುದಿಲ್ಲ. ನಾಲ್ವರು ಮಕ್ಕಳು ಮಲಗಿದರೆ ಮೂವರು ವಾರದೊಳಗೆ ಎದ್ದು ಆಡುತ್ತಾರೆ. ಒಬ್ಬರಿಗೆ ಮಾತ್ರ ಉಸಿರು ಕಟ್ಟಿ ದವಾಖಾನೆ ಸೇರುವ ಪ್ರಸಂಗ ಬರುತ್ತದೆ. ಆಗ ನಾವು ತಾಯಿಯತ್ತ ಬೆರಳು ತೋರಿಸುತ್ತೇವೆ. ತಣ್ಣೀರು ಕುಡಿಸಿದಳು, ಮೊಸರನ್ನ ಉಣಿಸಿದಳು ಎನ್ನುತ್ತೇವೆ. ಇದು ಸರಿಯೇ?

ಫ್ರಾನ್ಸಿನ ಎರಡೂವರೆ ವರ್ಷದ ಒಂದು ಹೆಣ್ಣು ಮಗುವಿನ ಕಥೆ ಇದಕ್ಕೆ ಉತ್ತರ ಕೊಡುತ್ತದೆ. 2009ರಲ್ಲಿ ಜಗತ್ತಿಗೆಲ್ಲ ಹರಡಿದ ಎಚ್1ಎನ್1 ಫ್ಲೂ 2011ರಲ್ಲಿ ಆ ಮಗುವಿನ ಶ್ವಾಸಕೋಶವನ್ನು ಹಿಡಿಯಿತು. ತೀವ್ರ ನಿಗಾ ಘಟಕದಲ್ಲಿ ಚಿಕಿತ್ಸೆ ಪಡೆದು ಮಗು ಬದುಕಿತು. ಕಾರಣ ತಿಳಿದದ್ದು 2015ರಲ್ಲಿ.

ನಮ್ಮ ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ದೇಹದ ಪ್ರತಿಯೊಂದು ಜೀವಕೋಶವೂ ಒಂದು ಗೋದಾಮು. ವಂಶವಾಹಿಗಳು, ಅಂದರೆ ಸುಮಾರು 20,000 ಜೀನ್‌ಗಳು, ಅದರೊಳಗಿನ ಪೆಟ್ಟಿಗೆಗಳು. ಎಲ್ಲವನ್ನೂ ಒಮ್ಮೆಲೇ ತೆರೆಯುವುದಿಲ್ಲ. ಆ ಹೊತ್ತಿಗೆ ಬೇಕಾದದ್ದನ್ನು ಮಾತ್ರ ತೆರೆಯುತ್ತದೆ. ಇದಕ್ಕೇ ಜೀನ್ ಅಭಿವ್ಯಕ್ತಿ ಎನ್ನುತ್ತಾರೆ. ಫ್ಲೂ ವೈರಸ್ ಬಂದೊಡನೆ ಇಂಟರ್‌ಫೆರಾನ್ ಎಂಬ ರಕ್ಷಕ ವಸ್ತುವಿನ ಪೆಟ್ಟಿಗೆ ತೆರೆಯಬೇಕು. ಅದರ ಕೀಲಿಕೈ ಹಿಡಿದ ಮುನೀಮನೇ ಐಆರ್‌ಎಫ್7 ಎಂಬ ಜೀನ್.

ಆ ಮಗುವಿನಲ್ಲಿ ಈ ಜೀನಿನ ಎರಡು ಪ್ರತಿಗಳೂ ಕೆಟ್ಟಿದ್ದವು. ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದದ್ದು. ಇಬ್ಬರಲ್ಲಿಯೂ ಒಂದೊಂದು ಒಳ್ಳೆಯ ಪ್ರತಿ ಇದ್ದುದರಿಂದ ಅವರು ಆರೋಗ್ಯವಾಗಿದ್ದರು. ಮಗುವಿಗೆ ಮಾತ್ರ ಇಂಟರ್‌ಫೆರಾನ್ ಸಾಲದೆ, ವೈರಸ್ ಮಿತಿಮೀರಿ ಬೆಳೆಯಿತು.

ಇಂತಹ ದೋಷ ಬಹಳ ಅಪರೂಪ. ಐದು ವರ್ಷದೊಳಗಿನ ವಯಸ್ಸು, ಆಸ್ತಮಾ, ಹೃದ್ರೋಗ ಇವೂ ಅಪಾಯವನ್ನು ಹೆಚ್ಚಿಸುತ್ತವೆ. ಯಾವ ಮಗುವಿನೊಳಗೆ ಏನಿದೆಯೆಂದು ಹೊರಗಿನಿಂದ ಕಾಣದು. ಆದ್ದರಿಂದ ಲಕ್ಷಣಗಳನ್ನು ಗಮನಿಸಬೇಕು. ಉಸಿರಾಟ ವೇಗವಾದರೆ, ಪಕ್ಕೆ ಒಳಸೇದಿದರೆ, ತುಟಿ ನೀಲಿಯಾದರೆ, ನೀರು ಕುಡಿಯದೆ ಮಂಕಾದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಫ್ಲೂ ಔಷಧಿ ಮೊದಲ ಎರಡು ದಿನಗಳಲ್ಲಿ ಕೊಟ್ಟರೆ ಹೆಚ್ಚು ಗುಣ. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಲೇಬಾರದು.

ಆ ಬಾಲಕಿ ಮುಂದೆ ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಿಕೊಂಡಳು. ಅಂತಹ ಕಾಯಿಲೆ ಮತ್ತೆ ಬಂದಿರಲಿಲ್ಲವೆಂದು 2015ರ ವರದಿ ಹೇಳಿತು. ಹೆಚ್ಚಿನ ಫ್ಲೂ ಲಸಿಕೆಗಳಿಗೆ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆಂಬುದು ನಮ್ಮವರಿಗೆ ಸಂಕೋಚದ ವಿಷಯ. ಮೊಟ್ಟೆ ಬಳಸದ ಲಸಿಕೆಗಳೂ ಬಂದಿವೆ, ಆದರೆ ಎಲ್ಲೆಡೆ ಸಿಗುವುದಿಲ್ಲ. ಮುಚ್ಚಿಡದೆ ವೈದ್ಯರನ್ನು ಕೇಳಿ, ಮನೆಮಂದಿ ಕೂಡಿ ನಿರ್ಧರಿಸುವುದು ಒಳ್ಳೆಯದು.

ಮನ, ವಚನ, ಕಾಯ ಮೂರರಲ್ಲಿಯೂ ಅಹಿಂಸೆ ಪಾಲಿಸಬೇಕೆಂಬುದು ನಮ್ಮ ಧರ್ಮ. ಮಗುವಿನ ಮಗ್ಗುಲಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದ ತಾಯಿಗೆ ‘ನಿನ್ನಿಂದಲೇ ಆಯಿತು’ ಎನ್ನುವುದು ವಚನದ ಹಿಂಸೆಯೇ ಸರಿ. ಅದನ್ನಾದರೂ ಇಂದೇ ಬಿಡೋಣ.