ಪೈಲ್ವಾನ್ ಗೆಳೆಯನಿಗೆ ಗಟ್ಟಿ ಚಡ್ಡಿ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಜಾತ್ರೆ ಕುಸ್ತಿಗೆ ಇಳಿಯುವ ಗೆಳೆಯ ನಿಮಗಿದ್ದರೆ, ಶಾಲು ಹಾರಕ್ಕಿಂತ ನೀವೇ ಹೊಲಿದ ಕುಸ್ತಿ ಚಡ್ಡಿ ಕೊಡಿ. ಒಳಗೆ ಬಿಗಿಯುವ ಲಂಗೋಟಿ ಬೇರೆ. ಅದರ ಮೇಲೆ ತೊಡುವ ಎರಡು ಪದರದ ಗಿಡ್ಡ ಚಡ್ಡಿ ಇದು. ಜಾಂಗ್ಯಾ ಎಂದೂ ಅನ್ನುತ್ತಾರೆ. ಮ್ಯಾಟ್ ಕುಸ್ತಿಯಲ್ಲಿ ಎದುರಾಳಿಯ ಉಡುಪು ಹಿಡಿಯುವುದು ತಪ್ಪು. ಮಣ್ಣಿನ ಕುಸ್ತಿಯಲ್ಲಿ ಚಡ್ಡಿಗೆ ಕೈಹಾಕಿ ಎತ್ತುವ ಡಾವುಗಳೇ ಇವೆ. ಆಳಿನ ಪೂರ್ತಿ ಭಾರ ಆಗ ಹೊಲಿಗೆಯ ಮೇಲೆ ಬೀಳುತ್ತದೆ.

ಬಟ್ಟೆ ಹತ್ತಿಯದೇ ಇರಲಿ, ದಪ್ಪ ಡ್ರಿಲ್ ಆದರೆ ಒಳ್ಳೆಯದು. ಹತ್ತಿಯ ನೂಲು ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ರೇಯಾನ್ ನೂಲಿನ ಬಲ ಕುಗ್ಗುತ್ತದೆ. ಬೆವರಲ್ಲೇ ತೊಯ್ಯುವ ಉಡುಪಿಗೆ ಇದಕ್ಕಿಂತ ದೊಡ್ಡ ಗುಣ ಯಾವುದು! ಕತ್ತರಿಸುವ ಮೊದಲು ಬಟ್ಟೆಯನ್ನು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿಬಿಡಿ. ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ.

ಎಲ್ಲರೂ ಎಡವುವುದು ಮುಂದೆ. ಗಟ್ಟಿ ಆಗಬೇಕೆಂದು ದಪ್ಪ ದಾರ ಹಾಕಿ, ಒತ್ತೊತ್ತಾಗಿ ಹೊಲಿಯುತ್ತಾರೆ. ಶಹಾಬಾದಿನ ಗಣಿಯಲ್ಲಿ ಬಂಡೆ ಒಡೆಯುವವರು ಸಾಲಾಗಿ ಉಳಿ ಹೊಡೆದು ಗುರುತು ಮಾಡಿ ಒಂದೇಟು ಹಾಕಿದರೆ ಕಲ್ಲು ಆ ಸಾಲಿಗೇ ಸೀಳುತ್ತದಲ್ಲ, ಸೂಜಿ ತೂತಿನ ಒತ್ತು ಸಾಲೂ ಬಟ್ಟೆಗೆ ಅದನ್ನೇ ಮಾಡುತ್ತದೆ. ದಾರ ಉಳಿಯುತ್ತದೆ, ಬಟ್ಟೆ ಹರಿಯುತ್ತದೆ. ಅಂಗುಲಕ್ಕೆ 8ರಿಂದ 10 ಹೊಲಿಗೆ ಸಾಕು. ಅಂಚುಗಳನ್ನು ಒಂದರೊಳಗೊಂದು ಮಡಚಿ, ಜೀನ್ಸ್ ಪ್ಯಾಂಟಿನ ಕಾಲಿಗೆ ಇರುವಂತೆ ಎರಡು ಸಾಲು ಹಾಕಿ. ಎಳೆತ ಎರಡೂ ಸಾಲಿಗೆ ಹಂಚಿಹೋಗುತ್ತದೆ.

ಅಷ್ಟಾದರೂ ಒಂದು ಜಾಗ ಹರಿಯುತ್ತದೆ: ಎರಡು ಕಾಲೂ ಕೂಡುವ ಕವಲು. ನಾಲ್ಕು ಹೊಲಿಗೆ ಅಲ್ಲಿ ಒಂದೇ ಚುಕ್ಕೆಗೆ ಬಂದು ಸೇರುತ್ತವೆ. ಬೈಠಕ್ ಹೊಡೆಯುವಾಗ, ಕಾಲು ಅಗಲಿಸಿ ನಿಂತಾಗ ಎಲ್ಲ ಎಳೆತವೂ ಆ ಚುಕ್ಕೆಯ ಮೇಲೆಯೇ. ಬಟ್ಟೆ ಎಷ್ಟು ದಪ್ಪವಾದರೂ ಇದು ತಪ್ಪದು, ಅಲ್ಲಿ ಬೇಕಿರುವುದು ಜಾಗ. ಸ್ಕಾಟ್ಲೆಂಡಿನ ಮಲೆನಾಡಿನ ಕ್ರೀಡಾಕೂಟಗಳಲ್ಲಿ ಮರದ ದಿಮ್ಮಿ ಎಸೆಯುವ ಆಳುಗಳು ಉಣ್ಣೆಯ ಕಿಲ್ಟ್ ಉಡುತ್ತಾರೆ. ಅದಕ್ಕೆ ಕವಲೇ ಇಲ್ಲ. ಹಿಂಬದಿಯ ನೆರಿಗೆಗಳನ್ನು ಸೊಂಟದಿಂದ ಪಿರ್ರೆಯವರೆಗೆ ಮಾತ್ರ ಹೊಲಿದು ಕೆಳಗೆ ಬಿಟ್ಟಿರುತ್ತಾರೆ, ಹೆಜ್ಜೆ ಚಾಚಿದಾಗ ಅವು ತೆರೆದುಕೊಳ್ಳುತ್ತವೆ. ನಮ್ಮ ಚಡ್ಡಿ ಮೈಗಂಟಿಕೊಂಡೇ ಇರಬೇಕು, ಎದುರಾಳಿಗೆ ಸಡಿಲು ಬಟ್ಟೆ ಸಿಗಬಾರದು. ಹಾಗಾಗಿ ಕವಲಿಗೆ ಅಂಗೈಯಗಲದ ಚೌಕ ತುಂಡು ಸೇರಿಸಬೇಕು.

ಚೌಕವನ್ನು ನೇರ ಎಳೆಗೇ ಕತ್ತರಿಸಿ. ಕೂರಿಸುವಾಗ ಮಾತ್ರ ಒಂದು ಮೂಲೆ ಹೊಟ್ಟೆಯ ಕಡೆ, ಒಂದು ಬೆನ್ನಿನ ಕಡೆ, ಉಳಿದೆರಡು ತೊಡೆಗಳ ಕಡೆ ಬರಲಿ. ಕಾಲು ಅಗಲಿಸಿದರೆ ಎಳೆತ ಹಾಸಿಗೂ ಹೊಕ್ಕಿಗೂ ಓರೆಯಾಗಿ ಬೀಳುತ್ತದೆ. ಬಟ್ಟೆಯ ತುಂಡೊಂದನ್ನು ಕೈಯಲ್ಲಿ ಹಿಡಿದು ನೋಡಿ: ನೇರಕ್ಕೆ ಎಳೆದರೆ ಜಗ್ಗದು, ಮೂಲೆಯಿಂದ ಮೂಲೆಗೆ ಎಳೆದರೆ ಚಾಚುತ್ತದೆ, ಬಿಟ್ಟರೆ ಬಹುಪಾಲು ಮರಳುತ್ತದೆ. ನಾಲ್ಕು ಹೊಲಿಗೆಯ ಚುಕ್ಕೆಯೂ ಮಾಯ: ಒಂದೊಂದು ಹೊಲಿಗೆ ಒಂದೊಂದು ಮೂಲೆಗೆ ಹೋಗಿ ನಿಲ್ಲುತ್ತದೆ. ಹೊಲಿಗೆ ಕಲೆಯಲ್ಲಿ ಇಷ್ಟು ಚೆಂದದ ಯುಕ್ತಿ ಅಪರೂಪ!

ಸೊಂಟಕ್ಕೆ ಎಲಾಸ್ಟಿಕ್ ಬೇಡ. ಪೈಲ್ವಾನರು ಮೈಗೆ ಹಚ್ಚುವ ಎಣ್ಣೆಗೆ ರಬ್ಬರು ಉಬ್ಬಿ ಸಡಿಲಾಗುತ್ತದೆ. ಹಾಸಿನ ಎಳೆ ಉದ್ದಕ್ಕೆ ಬರುವಂತೆ ಪಟ್ಟಿ ಕತ್ತರಿಸಿ, ನಾಲ್ಕು ಪದರ ಮಡಚಿ ಹೊಲಿದು, ಒಳಗೆ ಲಾಡಿ ಪೋಣಿಸಿ. ಕಾಲಿನ ಅಂಚು ಮಡಚುವ ಮೊದಲು ಗೆಳೆಯನಿಗೆ ತೊಡಿಸಿ, ಹತ್ತಿಪ್ಪತ್ತು ಬೈಠಕ್ ಹೊಡೆಸಿ. ಹಿಂದೆ ಸೊಂಟ ಜಾರಿದರೆ ಬೆನ್ನಿನ ಕಡೆ ಎತ್ತರ ಸಾಲದು ಎಂದರ್ಥ.

ಪುಸ್ತಕದಿಂದ ಇಷ್ಟು ಕಲಿಯಬಹುದು. ವಾಡಿ, ಶಹಾಬಾದ್, ಚಿಂಚೋಳಿಯ ಪೇಟೆಗಳಲ್ಲಿ ತಾಲೀಮಿನ ಹುಡುಗರಿಗೆ ಚಡ್ಡಿ ಹೊಲಿದು ಗೊತ್ತಿರುವ ಹಿರಿಯ ದರ್ಜಿ ಸಿಕ್ಕರೆ ಬಳಿ ಕೂತು, ಅವರ ಕಟಿಂಗನ್ನು ಹಳೆ ಪೇಪರಿನ ಮೇಲೆ ಇಳಿಸಿಕೊಳ್ಳಿ. ಯಾವ ತುಂಡಿಗೆ ಎಳೆ ಯಾವ ಕಡೆ ಎಂದು ಬಾಣ ಹಾಕಿ ಗುರುತಿಸಲು ಮರೆಯಬೇಡಿ.